ಅಡ್ಡ ಇಟ್ಟ ಟೊಂಗೆ

"ದಾರ ಎಲ್ಲಿ ಹೋತು, ಶಂಕ್ರೆವ್ವಾ?"

ವಿಜ್ಞಾನದ ಮಾಸ್ತರ ಕರಿಬಸಪ್ಪನವರು ಹಾಳೆಗಳನ್ನು ಮತ್ತೊಮ್ಮೆ ತಿರುವಿದರು. ದಾಂಡೇಲಿಯ ಕಾರ್ಮಿಕರ ವಾಚನಾಲಯದ ಕೈಬರಹದ ಪತ್ರಿಕೆಗೆ ಅವರೇ ಸಂಪಾದಕರು. ೧೯೬೩ರ ಸಂಚಿಕೆಯ ಹೊಲಿಗೆ ಅಂದೇ ಸಂಜೆ. ಮೊದಲ ಹದಿನಾಲ್ಕು ಪುಟಗಳು ಹತ್ತನೇ ಇಯತ್ತೆಯ ಈ ಹುಡುಗಿಯ ಕಥೆಗಾಗಿ ಕಾದಿದ್ದವು.

ಗ್ರೀಕರ ಆ ಪುರಾಣವನ್ನು ತರಗತಿಯಲ್ಲಿ ಹೇಳಿದವರು ಅವರೇ: ನೆಲದಡಿಯ ಸುತ್ತುದಾರಿಗಳ ಕೋಟೆ, ನಡುವೆ ಗೂಳಿಯ ತಲೆಯ ರಾಕ್ಷಸ, ಅವನ ಆಹಾರಕ್ಕೆಂದು ವರ್ಷವರ್ಷವೂ ಕಳಿಸುವ ಎಳೆಯರು, ಬಾಗಿಲಿಗೆ ದಾರ ಕಟ್ಟಿ, ಉಂಡೆ ಬಿಚ್ಚುತ್ತ ಒಳಹೊಕ್ಕು ಗೆದ್ದು ಬಂದ ರಾಜಕುಮಾರ. ಶಂಕ್ರೆವ್ವನ ಕಥೆಯಲ್ಲಿ ರಾಜಕುಮಾರನಿರಲಿಲ್ಲ. ಹದಿನೈದರ ಹುಡುಗಿಯೊಬ್ಬಳು ಹಸಿ ಟೊಂಗೆಗಳ ಹೊರೆ ಹೊತ್ತು ಒಳಗಿಳಿಯುತ್ತಾಳೆ. ಗೋಡೆಗಳು ಅವಳ ತಾಯಿಯ ದನಿಯಲ್ಲಿ ಕರೆದು ದಿಕ್ಕು ತಪ್ಪಿಸಲು ನೋಡುತ್ತವೆ. ತಪ್ಪು ದಾರಿಯೆಂದು ತಿಳಿದಾಗಲೆಲ್ಲ ಅವಳು ಹಿಂದಿರುಗಿ, ಅದರ ಬಾಯಿಗೊಂದು ಟೊಂಗೆ ಅಡ್ಡ ಇಟ್ಟು ಮುಂದೆ ನಡೆಯುತ್ತಾಳೆ.

"ಹುಡುಗಿ ಇರ್ಲಿ, ಮಾತಾಡೂ ಗ್ವಾಡಿನೂ ಇರ್ಲಿ. ಆದ್ರ ದಾರಾನ ಆ ಕಥಿ ಜೀವ. ಅದನ್ನ ಹಾಕಿ ಕೊಡು. ಇಲ್ಲಾಂದ್ರ ಈ ಸಲ ಬ್ಯಾಡ."

"ಹಾಕೂದಿಲ್ರಿ ಸರ." ಅವಳ ದನಿ ನಡುಗಿತು. ಮೂರು ತಿಂಗಳು ಬರೆದು, ನಾಲ್ಕು ಸಲ ತಿದ್ದಿದ ಕಥೆ ಅದು.

ಮಗಳನ್ನು ಕರೆದೊಯ್ಯಲು ಬಂದಿದ್ದ ಪರಸಪ್ಪ ಬಾಗಿಲಲ್ಲೇ ನಿಂತಿದ್ದ. ಕಾಗದದ ಕಾರ್ಖಾನೆಗೆ ಬಿದಿರು ಕಡಿಸುವ ಮುಕಾದಮ ಅವನು. ಮಾಸ್ತರರು ಅವನಿಗೆ ಎಲ್ಲವನ್ನೂ ವಿವರಿಸಿದರು. "ನೋಡ್ರಿ, ನಿಮ್ಮ ಮಗಳ ಹಟಾ!"

ಪರಸಪ್ಪ ನಕ್ಕ. "ದಾರ ಹಿಡ್ಕೊಂಡು ನಮ್ಮ ಬಿದಿರ ಮೆಳ್ಯಾಗ ಬಂದ್ರ ನಿಮ್ಮ ರಾಜಕುಮಾರ ಅಲ್ಲೇ ಸಿಕ್ಕೊಂಡು ಒದ್ದಾಡ್ತಾನ್ರಿ! ನಾವೂ ತಪ್ಪು ದಾರಿಗೆ ಟೊಂಗೀನ ಅಡ್ಡ ಇಡ್ತೇವಿ. ಹಿಂದ ಬರೂ ಮಂದಿ ದಾರಿ ತಪ್ಪಬಾರ್ದಲ್ರಿ?"

"ಅಡವ್ಯಾಗ ಕಣ್ಣಿಗೆ ಕಾಣ್ತೈತಿ. ಆ ಕೋಟ್ಯಾಗ ಬರೇ ಕತ್ತಲಿ," ಎಂದರು ಮಾಸ್ತರರು.

"ಕಾಲಿಗೆ ತಾಕ್ತೈತ್ರಿ ಸರ," ಎಂದಳು ಶಂಕ್ರೆವ್ವ. ಈಗ ದನಿ ನಡುಗಲಿಲ್ಲ. "ಆ ರಾಜಕುಮಾರ ದಾರ ಹಿಡದು ತನ್ನ ಜೋಡಿ ಬಂದವ್ರನ್ನ ಕರಕೊಂಡು ಹೊರಗ ಬಂದ. ಹಿಂದಿನ ವರ್ಷ ಒಳಗ ಹೋದವ್ರು? ಅವ್ರು ಇನ್ನೂ ದಾರಿ ಹುಡುಕಾಕತ್ತಾರ. ನನ್ನ ಕಥಿ ಹುಡುಗಿ ಒಳಗ ಹೋಗಿದ್ದು ಅವ್ರ ಸಲುವಾಗಿ. ಆಕಿ ಅಲ್ಲೇ ಸತ್ರೂ ಟೊಂಗಿ ಇರ್ತಾವಲ್ರಿ."

ಪರಸಪ್ಪನ ನಗು ನಿಂತಿತು. ಅವನು ಮಗಳನ್ನೇ ನೋಡಿದ.

ಮಾಸ್ತರರು ಕನ್ನಡಕ ಒರೆಸಿಕೊಂಡು ಕೊನೆಯ ಎರಡು ಪುಟಗಳನ್ನು ಮತ್ತೆ ಓದಿದರು. ಆಮೇಲೆ ಶಾಯಿಯ ದೌತಿಯ ಮುಚ್ಚಳ ತೆಗೆದರು. "ಆ ಗ್ರೀಕರು ಜಗಳಕ್ಕ ಬಂದ್ರ ನೀನ ಉತ್ತರ ಕೊಡಬೇಕ ಮತ್ತ. ಹೆಸರು ಹೆಂಗ ಬರೀಲಿ?"

"ಶಂಕ್ರೆವ್ವ ಪರಸಪ್ಪ ಅಂತ ಬರೀರಿ."

ಪರಿವಿಡಿಯ ಮೊದಲ ಸಾಲು ತುಂಬಿತು. ಕಿಟಕಿಯ ಗಾಳಿಗೆ ಹಾಳೆ ಮೇಲೆದ್ದಿತು. ಪರಸಪ್ಪ ಹೋಗಿ ಕಿಟಕಿಗೆ ಬೆನ್ನು ಕೊಟ್ಟು ನಿಂತ.

"ನಡಿ ಅಪ್ಪಾ, ಹೋಗೂಣು."

"ತಡಿ. ಶಾಯಿ ಒಣಗ್ಲಿ."

ಅವನ ನೆರಳು ಹಾಳೆಯ ಮೇಲೆ ಬಿದ್ದಿತ್ತು. ಅದನ್ನು ಕಂಡು ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದ. ಆ ಸಾಲಿನ ಮೇಲೆ ಬಿಸಿಲು ಬಿತ್ತು.