ಉಳಿದವರ ಪಟ್ಟಿ

ಮಗಳು ಕೆಲಸಕ್ಕೆ ಸೇರಿದ್ದ ಕೋಣೆಯಲ್ಲಿ ಆರು ಕುರ್ಚಿ, ಮೂವತ್ತು ಮೊಬೈಲು. ಯಾವ ಪಂದ್ಯ ಯಾರು ಗೆಲ್ಲುತ್ತಾರೆಂದು ಮೊದಲೇ ಹೇಳುವ ಗುರು ಒಬ್ಬನಿದ್ದಾನೆಂದು ಊರಿಗೆಲ್ಲ ನಂಬಿಕೆ. ಗುರುವೂ ಇಲ್ಲ, ಗಿರುವೂ ಇಲ್ಲ. ಇದ್ದದ್ದು ಒಂದು ಪಟ್ಟಿ. ಅದರ ಅರ್ಧ ಜನಕ್ಕೆ ಈ ತಂಡವೆಂದೂ ಉಳಿದರ್ಧಕ್ಕೆ ಆ ತಂಡವೆಂದೂ ಸಂದೇಶ ಕಳಿಸುವುದು. ಸಂದೇಶ ಸುಳ್ಳಾದವರನ್ನು ಅಳಿಸಿ, ನಿಜವಾದವರನ್ನು ಮತ್ತೆ ಎರಡು ಪಾಲು ಮಾಡುವುದು. ಐದು ಪಂದ್ಯ ಮುಗಿಯುವ ಹೊತ್ತಿಗೆ ಉಳಿದ ಹಿಡಿಯಷ್ಟು ಜನಕ್ಕೆ ಗುರುವಿನ ಮಾತೆಂದರೆ ಕಲ್ಲಿನ ಮೇಲೆ ಕೆತ್ತಿದ ಹಾಗೆ. ಆರನೆಯದಕ್ಕೆ ಅವರಿಂದ ಶುಲ್ಕ.

ಒಂದು ಮಧ್ಯಾಹ್ನ ಮಗಳು ಚಪ್ಪಲಿಯನ್ನೂ ಬಿಡದೆ ಒಳಗೆ ಬಂದಳು. ಉಳಿದವರ ಪಟ್ಟಿಯಲ್ಲಿ ಮಾವನ ನಂಬರಿದೆ ಎಂದಳು.

ಮಾವನೆಂದರೆ ನನ್ನ ತಮ್ಮ, ದರ್ಜಿ. ಅಂಗಡಿಯ ಎರಡೂ ಹೊಲಿಗೆ ಯಂತ್ರ ಮಾರುತ್ತೇನೆ, ಒಂದೇ ಏಟಿಗೆ ದೊಡ್ಡ ಅಂಗಡಿ ಹಾಕುತ್ತೇನೆಂದು ಹಿಂದಿನ ದಿನವಷ್ಟೇ ನನಗೆ ಹೇಳಿದ್ದ. ಯಾವ ಏಟು ಎಂದು ಈಗ ತಿಳಿಯಿತು. ಒಲೆ ಆರಿಸಿ ಮಗಳೊಡನೆ ಹೊರಟೆ.

ಅವಳು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅವನದೇ ಸೀಮೆಸುಣ್ಣದಿಂದ ಗೆರೆ ಎಳೆದು, ಅರ್ಧ, ಅರ್ಧದಲ್ಲರ್ಧ ಎಂದು ಎಲ್ಲವನ್ನೂ ಬಿಡಿಸಿ ಹೇಳಿದಳು. ಕೊರಳಲ್ಲಿ ಟೇಪು ಇಳಿಬಿಟ್ಟು ಅವನು ಕೊನೆಯವರೆಗೂ ಕೇಳಿದ. ಆಮೇಲೆ ಮುಖ ಅರಳಿತು.

"ಹಾಗಾದ್ರೆ ಕಳಿಸ್ತಿದ್ದವಳು ನೀನೇನಾ ಪುಟ್ಟಿ? ಹೊರಗಿನವರು ಅಂತ ಒಂಚೂರು ಅಳುಕಿತ್ತು. ಈಗ ಅದೂ ಹೋಯ್ತು."

"ಮಾವ, ಅದು ಮೋಸ ಅಂತ ಹೇಳೋಕೇ ಬಂದಿರೋದು."

"ಹಾಗೆ ಹೇಳು ಅಂತ ನಿಮ್ಮ ಆಫೀಸಿನ ಯಜಮಾನ ಹೇಳಿಕೊಟ್ಟಿರ್ತಾನೆ. ಆಗಲಿ, ನಾನು ಯಾರ ಹತ್ರಾನೂ ಬಾಯಿ ಬಿಡಲ್ಲ."

ನಾನೂ ಬೈದೆ, ಬೇಡಿಕೊಂಡೆ. ಅಕ್ಕನದು ಮೊದಲಿನಿಂದಲೂ ಪುಕ್ಕಲು ಸ್ವಭಾವ ಎಂದು ನಕ್ಕ.

ಮರುದಿನ ಮಗಳು ಅವನ ನಂಬರನ್ನು ಅಳಿಸಿ ಕೆಲಸ ಬಿಟ್ಟಳು. ಸಂದೇಶ ಬಾರದ್ದನ್ನು ಕಂಡು ಅವನೇ ಆ ಕೋಣೆಗೆ ಫೋನು ಮಾಡಿ, ಶುಲ್ಕ ಕಟ್ಟಿ, ತಂಡದ ಹೆಸರು ಕೇಳಿ ಪಡೆದ. ಯಂತ್ರ ಮಾರಿದ ಹಣವನ್ನೆಲ್ಲ ಅದರ ಮೇಲೆ ಬಾಜಿ ಕಟ್ಟಿದ. ಆ ತಂಡ ಸೋತಿತು.

ನಾವು ಹೋದಾಗ ಯಂತ್ರಗಳಿದ್ದ ಜಾಗದಲ್ಲಿ ಕಾಲುಗಳ ಗುರುತಷ್ಟೇ ಉಳಿದಿತ್ತು. ತಮ್ಮ ನೆಲದ ಮೇಲೆ ಕೂತು ಯಾರದೋ ಅಂಗಿಗೆ ಕೈಯಲ್ಲೇ ಗುಂಡಿ ಹಚ್ಚುತ್ತಿದ್ದ. ಸಿಟ್ಟು ಮಾಡಿದ್ದರೂ ತಾಳಿಕೊಳ್ಳಬಹುದಿತ್ತು.

"ನನ್ನನ್ನ ಗೆಲ್ಲೋ ಅರ್ಧಕ್ಕೆ ಹಾಕಿಸಬಹುದಿತ್ತಲ್ಲ, ಪುಟ್ಟಿ," ಎಂದ ಮೆಲ್ಲಗೆ.

"ಯಾವುದು ಗೆಲ್ಲೋ ಅರ್ಧ ಅಂತ ಅಲ್ಲಿ ಯಾರಿಗೂ ಗೊತ್ತಿರಲ್ಲ, ಮಾವ."

ಅಳತೆ ತಪ್ಪಿದೆಯೆಂದು ತಕರಾರು ತೆಗೆದ ಗಿರಾಕಿಯ ಮುಂದೆ ಆಡಿಸುವಂತೆ ಅವನು ತಲೆಯಾಡಿಸಿದ. ಹಲ್ಲಿನಿಂದ ದಾರ ಕಡಿದು, ಮುಂದಿನ ಗುಂಡಿಗೆ ಕೈ ಹಾಕಿದ.