ಕುಬೇನಾ ಹೊರಗೆ ಬರಲಿಲ್ಲ

ನಮ್ಮ ಹೈಸ್ಕೂಲಿನ ಅಮೆರಿಕನ್ ಫುಟ್‌ಬಾಲ್ ತಂಡದ ರಕ್ಷಣೆಯ ಕೋಚ್ ಹ್ರುಸ್ಕಾನಿಗೆ ಒಂದು ಸಿದ್ಧಾಂತವಿತ್ತು. ಸಿದ್ಧಾಂತವಿರುವ ಮನುಷ್ಯನ ಜೊತೆ ಏಗುವುದು ಎಂಥ ಕರ್ಮವೆಂದು ಅವನ ಸಹಾಯಕನಾದ ನನ್ನನ್ನು ಕೇಳಬೇಕು. ಎದುರಾಳಿಗಳು ಚೆಂಡು ಎಸೆಯುವ ಸೂಚನೆ ಕಂಡರೆ ನಾವು ನಿಕಲ್ ವ್ಯೂಹ ಕಟ್ಟುತ್ತೇವೆ. ಹಿಂದಿನ ಕಾವಲಿಗೆ ಐದನೆಯವನು ಬರುತ್ತಾನೆ. ಆಗ ಮುಂದಿನ ಸಾಲಿನ ನಾಲ್ವರು ಯಾರಿರಬೇಕು? ಬರೀ ಓಡುವವರು ಎಂದು ಹ್ರುಸ್ಕಾನ ತೀರ್ಪು. ಎಸೆಯುವವನನ್ನು ಬೆನ್ನಟ್ಟಿ ಹಿಡಿಯಬೇಕಲ್ಲ. ಹಾಗಾಗಿ ನಿಕಲ್ ಎಂದಾಗಲೆಲ್ಲ ಆ ಸಾಲಿನ ನಡುವೆ ನಿಲ್ಲುವ ದಪ್ಪನೆಯ ಕುಬೇನಾ ಹೊರಗೆ, ತೆಳ್ಳನೆಯ ಡಸ್ಟಿ ಒಳಗೆ.

ಕುಬೇನಾನನ್ನು ಇಬ್ಬರು ಸೇರಿ ತಳ್ಳಿದರೂ ಬೀರುವಿನ ಹಾಗೆ ನಿಂತಲ್ಲೇ ನಿಲ್ಲುತ್ತಿದ್ದ. ಆದರೆ ಓಟ ಅಷ್ಟಕ್ಕಷ್ಟೆ. ಅದು ಅವನ ಕೊನೆಯ ವರ್ಷ. ಕಾಲೇಜಿಗೆ ಆಟಗಾರರನ್ನು ಆರಿಸುವ ಪೆಟ್ರಿ ಒಮ್ಮೆ ಬಂದು ನೋಡಿ, ಆಟ ಬಿಗಿಯಾದಾಗ ಬೆಂಚಿನ ಮೇಲೆ ಕೂರುವವನು ತನಗೆ ಬೇಡವೆಂದು ಹೇಳಿಹೋಗಿದ್ದ. ಶನಿವಾರದ ಪಂದ್ಯಕ್ಕೆ ಮತ್ತೆ ಬರುವವನಿದ್ದ. ನಿಕಲ್‌ನಲ್ಲಿ ಒಂದು ಸಲ ನಿಲ್ಲಿಸಿ ಎಂದು ಹುಡುಗ ಬಾಯಿಬಿಟ್ಟು ಕೇಳಿದ. ಹ್ರುಸ್ಕಾ ಅವನಿಗೆ ಸಿದ್ಧಾಂತ ವಿವರಿಸಿದ.

ಶನಿವಾರ ಆ ಸಿದ್ಧಾಂತ ನಮ್ಮ ಮಾನ ಕಳೆಯಿತು. ಎದುರಾಳಿಗಳು ಚೆಂಡು ಹಿಡಿಯುವವರನ್ನು ಮೈದಾನದ ಅಗಲಕ್ಕೂ ಹರಡುತ್ತಿದ್ದರು, ಹ್ರುಸ್ಕಾ ನಿಕಲ್ ಎನ್ನುತ್ತಿದ್ದ, ಕುಬೇನಾ ಏದುಸಿರು ಬಿಡುತ್ತಾ ಹೊರಗೆ ಬರುತ್ತಿದ್ದ, ಅವರು ಚೆಂಡನ್ನು ಎಸೆಯದೆ ಅವನು ಬಿಟ್ಟ ಜಾಗದಲ್ಲೇ ನುಗ್ಗುತ್ತಿದ್ದರು. ಎರಡು ಸಲವಂತೂ ಅವನು ಗೆರೆ ದಾಟುವ ಮೊದಲೇ ಅವರು ಆಟ ಶುರು ಮಾಡಿ, ಮೈದಾನದಲ್ಲಿ ನಮ್ಮವರು ಹನ್ನೊಂದರ ಬದಲು ಹನ್ನೆರಡು ಜನರಾಗಿ, ನಾವು ದಂಡ ತೆತ್ತೆವು.

ಕೊನೆಯ ನಿಮಿಷದಲ್ಲಿ ನಾವು ಮೂರು ಅಂಕ ಮುಂದಿದ್ದೆವು. ಅವರಿಗೆ ಕಡೆಯ ಯತ್ನ, ಚೆಂಡು ಕೈತಪ್ಪದಿರಲು ಮುಂದೆ ಸಾಗಬೇಕಾದದ್ದು ಎರಡೇ ಗಜ. ಅವರು ಮತ್ತೆ ಹರಡಿ ನಿಂತರು. ಹ್ರುಸ್ಕಾ ನಿಕಲ್ ಎಂದು ಕೂಗಿದ. ಕುಬೇನಾ ಮೈದಾನದ ಆಚೆ ತುದಿಯಿಂದ ಹೊರಟ, ಡಸ್ಟಿ ಒಳಗೆ ಹಾರಲು ಸಿದ್ಧನಾದ. ಆಟ ಶುರುವಾಗುವ ಮೊದಲು ಈ ದಪ್ಪ ಹುಡುಗ ಗೆರೆ ಮುಟ್ಟುವುದಿಲ್ಲವೆಂದು ಆಗ ಹ್ರುಸ್ಕಾನಿಗೆ ಹೊಳೆಯಿತು. ಡಸ್ಟಿಯ ಅಂಗಿಯ ಕತ್ತುಪಟ್ಟಿಗೆ ಕೈಹಾಕಿ, ಅದು ಪರ್ರೆಂದು ಹರಿಯುವಷ್ಟು ಜೋರಾಗಿ ಹಿಂದಕ್ಕೆ ಎಳೆದ.

"ಅಲ್ಲೇ ಇರೋ! ಹಾಳಾಗ್ ಹೋಗ್ಲಿ, ಅಲ್ಲೇ ಸಾಯಿ!" ಎಂದು ಕುಬೇನಾನಿಗೆ ಕಿರುಚಿದ.

ಕುಬೇನಾ ತಿರುಗಿ ನಡುವೆ ಹೋಗಿ ನಿಂತ. ಅವರು ರೂಢಿಯಂತೆ ನಡುವೆಯೇ ನುಗ್ಗಿದರು. ಚೆಂಡು ಹಿಡಿದವನು ಅವನ ಅಡಿಯಲ್ಲಿ ಸಿಕ್ಕಿಬಿದ್ದ. ನಾವು ಗೆದ್ದೆವು. ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ.

ಭಾನುವಾರ ಚರ್ಚ್ ಬಿಟ್ಟ ಮೇಲೆ ಬೇಕರಿಯಲ್ಲಿ ಹ್ರುಸ್ಕಾ ಅದನ್ನೆಲ್ಲ ತಾನು ಬೇಕೆಂದೇ ಒಡ್ಡಿದ ಬಲೆ ಎಂದು ಪೆಟ್ರಿಗೆ ಬಣ್ಣಿಸಿದ. ಪಂದ್ಯವಿಡೀ ಹುಡುಗನನ್ನು ಹೊರಗೆ ಕರೆದದ್ದು ಎದುರಾಳಿಗಳಿಗೆ ಅಭ್ಯಾಸ ಮಾಡಿಸಲಿಕ್ಕಂತೆ. ಪೆಟ್ರಿ ಕಾಫಿ ಆರಿದ್ದೂ ಗೊತ್ತಾಗದೆ ಕೇಳಿದ. ಡಸ್ಟಿಯ ಹರಿದ ಅಂಗಿಯ ವಿಷಯ ನಾನು ಎತ್ತಿದೆ. ಯಾರಿಗೂ ಅದು ಬೇಕಿರಲಿಲ್ಲ.

ವಸಂತದ ಹೊತ್ತಿಗೆ ಪೆಟ್ರಿಯ ಕಾಲೇಜು ನಮ್ಮೂರಿನಿಂದ ಒಬ್ಬನನ್ನು ಆರಿಸಿತು. ಹ್ರುಸ್ಕಾನನ್ನು, ಮುಂದಿನ ಸಾಲಿನ ಕೋಚ್ ಆಗಿ.

ಬೀಳ್ಕೊಡುಗೆಯೂ ಅದೇ ಬೇಕರಿಯಲ್ಲೇ. ಕುಬೇನಾ ಕೈಕುಲುಕಿ, ನನ್ನನ್ನೂ ಕರೆಸಿಕೊಳ್ಳುತ್ತೀರಾ ಎಂದು ಮೆಲ್ಲಗೆ ಕೇಳಿದ.

ಹ್ರುಸ್ಕಾ ಅವನ ಭುಜ ತಟ್ಟಿದ. "ನೀನು ಬಂಗಾರದಂಥ ಹುಡುಗ ಕಣೋ. ಆದ್ರೆ ಅಲ್ಲಿ ದಿನಾ ನಿಕಲ್ಲೇ. ಓಡೋರು ಬೇಕು."

ಕುಬೇನಾ ತಲೆಯಾಡಿಸಿದ.

"ಸರ್, ಅವತ್ತು ನಾನು ಒಂಚೂರು ಬೇಗ ಓಡಿ ಬಂದಿದ್ರೆ ನಿಮಗೆ ಈ ಕೆಲ್ಸ ಸಿಗ್ತಿತ್ತಾ?"

ಹ್ರುಸ್ಕಾ ಏಪ್ರಿಕಾಟ್ ಹಣ್ಣಿನ ಕೊಲಾಚಿ ಬನ್ನೊಂದನ್ನು ಬಾಯಿಗೆ ತುರುಕಿಕೊಂಡು, ಸಾಮಾನು ಕಟ್ಟುವುದಿದೆ ಎಂದು ಎದ್ದ.