ಅಮೋಸ್ ಟಿಲ್ಡನ್ನನ ಕೆಳದನಿ

ಬಿಸಿಲು ಮತ್ತೆ ತೊಡೆ ಮೇಲಕ್ಕೆ ಬಂತಲ್ಲ, ಈ ಬಸ್ಸು ತಿರುವಿಗೊಂದು ಸಲ ಸೂರ್ಯನನ್ನ ಆ ಕಡೆಯಿಂದ ಈ ಕಡೆಗೆ ಎತ್ತಿ ಹಾಕುತ್ತೆ, ನಂಜನಗೂಡಲ್ಲಿ ಹತ್ತುವಾಗ ನೆರಳಿನ ಕಡೆ ಅಂತ ನೋಡಿಕೊಂಡೇ ಕೂತದ್ದು, ಈಗ ನೋಡಿದರೆ — ಅಲಮೇಲು ಸೆರಗು ಎಳೆದು ತೊಡೆ ಮೇಲಿದ್ದ ರೆಕಾರ್ಡಿಗೆ ಇನ್ನೊಂದು ಮಡಿಕೆ ಹೊದಿಸಿದಳು, ಕೂಸಿಗೆ ಹೊದಿಸಿದ ಹಾಗೆ, ಪಕ್ಕದ ಹೆಂಗಸು ಕಣ್ಣು ಬಿಟ್ಟುಕೊಂಡು ಅದನ್ನೇ ನೋಡುತ್ತಿದ್ದಾಳೆ, ಏನವ್ವ ಅದು ದೇವ್ರ ಪಟವಾ ಅಂತ ಕೇಳಿಯೂ ಆಯ್ತು, ಅಲ್ಲಮ್ಮ ಹಾಡಿನ ತಟ್ಟೆ ಅಂದದ್ದಕ್ಕೆ ಓ ಅಷ್ಟೇಯಾ ಅಂತ ಅಲಮೇಲುವಿನ ಕಾಲ ಹತ್ತಿರದ ರಸಬಾಳೆ ಚಿಪ್ಪಿನ ಕಡೆ ತಿರುಗಿದಳು. ಹಣ್ಣಿನ ವಾಸನೆ ಬಸ್ಸೆಲ್ಲ ತುಂಬಿದೆ, ನರಸೀಪುರದ ಮುತ್ತಮ್ಮನಿಗೆ ಇಷ್ಟ ಅಂತ ತಂದದ್ದು, ಆದರೆ ಮುತ್ತಮ್ಮ ಕಾಯುತ್ತಿರುವುದು ಹಣ್ಣಿಗಲ್ಲ. ಮೊನ್ನೆ ಸ್ಕೂಲ್ ಗೇಟಿನ ಹತ್ತಿರ ಬಸ್ಸು ನಿಧಾನ ಮಾಡಿಸಿ ಕಂಡಕ್ಟರ್ ಕರಿಯಯ್ಯ ಫುಟ್‌ಬೋರ್ಡಿನಿಂದಲೇ ಕೂಗಿದ್ದ, ಟೀಚರಮ್ಮಾ, ನರಸೀಪುರದ ನರ್ಸಮ್ಮೋರು ಯೋಳ್ ಕಳ್ಸವ್ರೆ, ಆ ತಟ್ಟೆ ತಕ್ಕಂಡು ಭಾನ್ವಾರ ಬರ್ಬೇಕಂತೆ, ಒಸಾ ಮಿಷಿನ್ನು ತಂದವ್ರಂತೆ, ಅವ್ರ ಯಜಮಾನ್ರ ದನಿ ಕೇಳ್ಬೇಕಂತೆ! ಮಕ್ಕಳೆಲ್ಲ ಗೇಟಿಗೆ ಓಡಿ ಬಂದರು, ಅವಳಿಗೆ ನಾಚಿಕೆಯೋ ನಾಚಿಕೆ. ಸತ್ತು ವರ್ಷವಾದ ಮಹದೇವನ ದನಿ ಯಾರೋ ಅಮೆರಿಕದವನ ತಟ್ಟೆಯೊಳಗೆ ಹೇಗೆ ಹೊಕ್ಕಿತು ಅಂತ ಕರಿಯಯ್ಯ ಕೇಳಲಿಲ್ಲ, ಹೇಳಿ ಕಳಿಸಿದ್ದನ್ನ ಮುಟ್ಟಿಸಿದ, ರೈಟ್ ರೈಟ್ ಅಂದ, ಹೋದ.

ಹೇಗೆ ಹೊಕ್ಕಿತು ಅಂದರೆ — ಎಮರ್ಜೆನ್ಸಿ ಬಂದ ವರ್ಷ ಅದು, ಅಲ್ಲ, ಅದರ ಹಿಂದಿನ ವರ್ಷ, ಮೈಸೂರಲ್ಲಿ ಯಾರೋ ದೊರೆಸಾನಿ ಬಂಗಲೆ ಖಾಲಿ ಮಾಡಿ ಸಾಮಾನೆಲ್ಲ ಮಾರುತ್ತಾಳೆ ಅಂತ ಪ್ರಹ್ಲಾದ ಮಾಮ ಅವಳನ್ನ ಕರಕೊಂಡು ಹೋದದ್ದು, ಮಾಮನಿಗೆ ಬೇಕಿದ್ದದ್ದು ಓದೋಕೆ ಕೂರುವ ಕುರ್ಚಿ, ತಂದದ್ದು ಮುಚ್ಚಳದಲ್ಲೇ ಸ್ಪೀಕರಿರುವ ಬ್ಯಾಟರಿ ಪ್ಲೇಯರು, ಅದರ ಜೊತೆ ಪುಕ್ಕಟೆ ಬಂದ ಈ ಒಂದೇ ರೆಕಾರ್ಡು. ಕವರಿನ ಮೇಲೆ ಹ್ಯಾಟು ಇಳಿಬಿಟ್ಟ ಕರೀ ಮನುಷ್ಯ, ಮುಖ ಅರ್ಧವೇ ಕಾಣೋದು, ಅಮೋಸ್ ಟಿಲ್ಡನ್, ಬ್ಯಾರಿಟೋನ್. ಬ್ಯಾರಿಟೋನ್ ಅಂದರೇನು ಮಾಮ, ಅವನ ಮನೆ ಹೆಸರಾ? ಇರಬಹುದು ಕಣೇ, ನಮಗೆ ಅಯ್ಯಂಗಾರ್ ಇದ್ದ ಹಾಗೆ. ಆಮೇಲೆ ಡಿಕ್ಷನರಿ ನೋಡಿದರೆ ಗಂಡಸಿನ ತಗ್ಗು ಶಾರೀರ ಅಂತ ಇತ್ತು, ಇಬ್ಬರೂ ಎಷ್ಟು ನಕ್ಕರು. ಅಮ್ಮನಿಗೆ ಇಂಜೆಕ್ಷನ್ ಹಾಕೋಕೆ ಬರುತ್ತಿದ್ದ ನರ್ಸು ಮುತ್ತಮ್ಮ, ಅವಳನ್ನ ಕರೆದುಕೊಂಡು ಹೋಗೋಕೆ ಬರುತ್ತಿದ್ದ ಆಸ್ಪತ್ರೆ ಜೀಪಿನ ಡ್ರೈವರ್ ಮಹದೇವ, ಅವಳ ಗಂಡ — ಒಂದು ಭಾನುವಾರ ಮಧ್ಯಾಹ್ನ ಜಗುಲಿ ಮೇಲೆ ಕೂತು ಕೇಳಿದವರು ಮುಂದಿನ ಭಾನುವಾರ ತಾವಾಗೇ ಬಂದರು, ಅದರ ಮುಂದಿನದಕ್ಕೂ. ಸೆಲ್ಲು ಬೇಗ ಸೋತು ಹೋಗೋದು, ಮಾಮ ಬೆಳಗಾಗುತ್ತಲೇ ಅವನ್ನ ಬಿಚ್ಚಿ, ಅಟ್ಟದ ಮುಂದಿನ ಬಿಸಿಲಲ್ಲಿ ಹಳೇ ಪಂಚೆ ಹಾಸಿ, ಸಂಡಿಗೆ ಪಕ್ಕದಲ್ಲಿ ಸಾಲಾಗಿ ಮಲಗಿಸೋದು, ಮಗ್ಗುಲು ಮಗುಚೋದು, ಅಮ್ಮ ಬಂದು ಮಡಿ ಸಂಡಿಗೆ ಹತ್ತಿರ ಇದೇನೋ ನಿನ್ನ ಅನಿಷ್ಟ ಅಂತ ಬೈಯೋದು, ಊರಲ್ಲಿ ಎಲ್ಲರೂ ಟಾರ್ಚಿನ ಸೆಲ್ಲು ಹಾಗೇ ಅಲ್ಲವೇ ಒಣಗಿಸುತ್ತಿದ್ದದ್ದು, ಬಿಸಿಲು ಕುಡಿದರೆ ಜೀವ ಬರುತ್ತೆ. ಬಂದ ಜೀವಕ್ಕೆ ಒಂದು ಹಾಡು, ಹೆಚ್ಚೆಂದರೆ ಎರಡು. ಅದರಲ್ಲೇ ಏನು ಸುಖ, ಬಾವಿಯ ತಳದಿಂದ ಯಾರೋ ನಿಧಾನಕ್ಕೆ ಕರೆದ ಹಾಗೆ ದನಿ ಏಳೋದು, ಮಾಮ ತೊಡೆ ತಟ್ಟುತ್ತಾ ನೋಡು ನೋಡು ತಾಳ ಮುಂದೆ ಹೋಯ್ತು, ಇವನು ಹಿಂದೇನೇ ಉಳಿದ, ಅವಸರವೇ ಇಲ್ಲ ಪುಣ್ಯಾತ್ಮನಿಗೆ, ಹಾಂ ಬಂದ, ಬಂದು ಸೇರಿಕೊಂಡ! ಅನ್ನೋನು. ಬಾಗಿಲ ಮುಂದಿನ ದೀಪ ಆರಿಸಬೇಡ, ತಡವಾದರೂ ಬರುತ್ತೇನೆ ಅಂತ ಹಾಡು. ಅರ್ಥ ಅಲಮೇಲು ಹೇಳಿದಳು. ಅರ್ಥ ಬಿಡಿ ಟೀಚರೇ, ದನಿ ಕೇಳಿ, ಅಂದ ಮಹದೇವ.

ಅವನ ದನಿಯೂ ಅಂಥದ್ದೇ, ಅದೇ ಅಲ್ಲವೇ ಸಂಗತಿ. ಜೀಪಿಗೆ ಮೈಕು ಕಟ್ಟಿಕೊಂಡು ಹೆಮ್ಮರಗಾಲ, ದೇವನೂರು, ಇಡೀ ತಾಲ್ಲೂಕು ಸುತ್ತಿ ಕಾಲರಾ ಇಂಜೆಕ್ಷನ್ ಹಾಕಿಸ್ಕೊಳ್ರಪ್ಪೋ ಅಂತ ಕೂಗಿದರೆ ಎಮ್ಮೆಗಳೂ ತಲೆ ಎತ್ತಿ ನೋಡುತ್ತಿದ್ದವಂತೆ, ಮುತ್ತಮ್ಮನೇ ಹೇಳಿ ನಗೋಳು. ಟಿಲ್ಡನ್ನನ ಜೊತೆ ಮಹದೇವ ಗುನುಗೋಕೆ ಶುರು ಮಾಡಿದರೆ, ಮಾತು ಬರೋಲ್ಲ, ಬರೀ ಊಂ ಊಂ, ಯಾವುದು ಯಾರದು ಅಂತ ಬಿಡಿಸೋಕೆ ಆಗುತ್ತಿರಲಿಲ್ಲ, ಮುತ್ತಮ್ಮ ಕಣ್ಣು ಮುಚ್ಚಿ ಹೇಳಿ ನೋಡೋಣ ಇದು ಯಾರು ಅಂತ ಆಟ ಕಟ್ಟೋಳು, ತಾನೇ ಸೋಲೋಳು. ಥೂ ನಿನ್ನ, ಗಂಡನ ದನಿ ಗೊತ್ತಾಗಾಕಿಲ್ವಲ್ಲೇ ಮುತ್ತೀ ಅಂತ ಅವನು ರೇಗಿಸೋನು.

ಅಲಮೇಲುವಿಗೆ ಮಾತ್ರ ಬೇರೆ ಹುಳ. ಯಾರಪ್ಪ ಇವನು, ಅಮೋಸ್ ಟಿಲ್ಡನ್, ಬದುಕಿದ್ದಾನಾ, ಇಷ್ಟು ತಗ್ಗಿನಲ್ಲಿ ಇಷ್ಟು ಹೊತ್ತು ನಿಲ್ಲುವವನು ಬೆಳಗ್ಗೆ ಎದ್ದು ಮಾತಾಡಿದರೆ ಹೇಗಿರುತ್ತೆ, ಹೆಂಡತಿ ಹತ್ತಿರ ಕಾಫಿ ಕೇಳಿದರೆ ಲೋಟ ಅಲುಗುತ್ತದಾ, ಇಂಥವನ ಹೆಸರು ಒಂದು ಪೇಪರಿನಲ್ಲಿ, ಒಂದು ರೇಡಿಯೋದಲ್ಲಿ ಯಾಕಿಲ್ಲ? ಮೈಸೂರಿನ ರೆಕಾರ್ಡಂಗಡಿಗೆ ಹೋಗಿ ಕೇಳಿದರೆ ಕೌಂಟರಿನ ಹಿಂದಿದ್ದವನು ತುಂಬಾ ಹೊತ್ತು ಯೋಚನೆ ಮಾಡಿ, ಓ ಟಿಲ್ಡನ್ನಾ, ಗೊತ್ತು ಮೇಡಂ, ಒಳ್ಳೇ ಚೇಷ್ಟೆ ಹಾಡುಗಾರ, ತೆಳ್ಳಗೆ ನಗ್ತಾ ನಗ್ತಾ ಹಾಡ್ತಾನೆ, ಆದರೆ ಕೇಳೋರಿಲ್ಲ ಅಂದ. ಚೇಷ್ಟೆ! ತೆಳ್ಳಗೆ! ಅವಳಿಗೆ ಬಂದ ಸಿಟ್ಟು, ನೀವು ಬೇರೆ ಯಾರನ್ನೋ ಹೇಳ್ತಿದೀರಿ, ಇವರು ಬ್ಯಾರಿಟೋನ್ ಅಂತ ಅಂಗಡಿಯಲ್ಲೇ ಜಗಳಕ್ಕೆ ನಿಂತಳು, ಅವನು ಇರಬಹುದು ಮೇಡಂ ಇರಬಹುದು ಅಂತ ಕೈ ಮುಗಿದ. ಬಸ್ಸಿನಲ್ಲಿ ಬರುತ್ತಾ ಕಣ್ಣಲ್ಲಿ ನೀರು ಬಂತು, ಹುಚ್ಚಲ್ಲವೇ, ನೋಡದೇ ಇರೋ ಮನುಷ್ಯನ ಪರವಾಗಿ. ಆಮೇಲೆ ಸೆಲ್ಲುಗಳೆಲ್ಲ ಸೋರಿ ಪ್ಲೇಯರಿನ ಹೊಟ್ಟೆ ತುಕ್ಕು ಹಿಡಿದು ಸತ್ತಿತು, ಮಾಮ ಹೋದ, ಮುತ್ತಮ್ಮನಿಗೆ ನರಸೀಪುರಕ್ಕೆ ವರ್ಗವಾಯ್ತು, ಮಹದೇವ ಹೋದ ವರ್ಷ ಎದೆ ನೋವು ಅಂದವನು ಜೀಪಿನ ಬಾಗಿಲು ಹಿಡಿದೇ ಕುಸಿದ. ಸಮಾಧಾನ ಹೇಳೋಕೆ ಹೋದಾಗ ಮುತ್ತಮ್ಮ ಅಂದದ್ದು ಒಂದೇ, ಮೊಕಕ್ಕೆ ಪೋಟ ಅದೆ ಟೀಚರಮ್ಮ, ದನಿಗೇನದೆ? ಊರೂರು ಕೇಳಿದ ದನಿ, ಯಾರೂ ಒಂದು ಟೇಪಿಗೆ ಹಿಡಿಯಲಿಲ್ಲ. ಆಮೇಲೆ ಅವಳಿಗೇ ಹೊಳೆದಿರಬೇಕು, ತಟ್ಟೆ ಇದೆಯಲ್ಲ ಅಂತ.

ನರಸೀಪುರ ನರಸೀಪುರ, ಇಳೀರಿ, ತಟ್ಟೆ ಜ್ವಾಪಾನ ಟೀಚರಮ್ಮ — ಇಳಿದಳು, ನಡೆದಳು, ಅದೇ ನಂಜನಗೂಡಿನ ಕಪಿಲೆ ಇಲ್ಲಿ ಬಂದು ಕಾವೇರಿಗೆ ಸೇರುತ್ತೆ, ಅಲ್ಲಿ ಕಾಲು ತೊಳೆದ ನೀರು ಇಲ್ಲಿಗೆ ಬರೋಕೆ ಎಷ್ಟು ಹೊತ್ತು ಬೇಕು, ಏನೇನೋ ಯೋಚನೆ, ಆಸ್ಪತ್ರೆ ಕ್ವಾರ್ಟರ್ಸ್ ಬಂದೇ ಬಿಟ್ಟಿತು. ಮುತ್ತಮ್ಮ ಸ್ನಾನ ಮಾಡಿ ಇಸ್ತ್ರಿ ಸೀರೆ ಉಟ್ಟಿದ್ದಾಳೆ, ಹಣೆ ಬರಿದು, ಹಣ್ಣು ಈಸಿಕೊಂಡು ನೋಡದೇ ಮೂಲೆಗಿಟ್ಟಳು. ಮೇಜಿನ ಮೇಲೆ ಹೊಸ ಮೆಷೀನು, ಕರೆಂಟಿಂದು, ಥಳಥಳ ಅಂತಿದೆ, ಅದರ ಮುಂದೆ ಎರಡು ಕುರ್ಚಿ, ಕಿಟಕಿ ಬಾಗಿಲು ಹಾಕಿದ್ದಾಳೆ, ಪಕ್ಕದ ಮನೆಯ ಗುರುಬಸಮ್ಮ ಬಂದು ಮಾತಾಡಿಸಿಬಿಟ್ಟಾಳು ಅಂತ. ಕಾಫಿ ಆಮೇಲೆ ಕುಡಿಯವ ಕಣ್ರವ್ವ, ಮೊದ್ಲು ಹಾಕಿ, ವರ್ಸದಿಂದ ಕಾದಿವ್ನಿ. ಅಲಮೇಲು ಕವರಿನಿಂದ ತಟ್ಟೆ ತೆಗೆದಳು, ಸೊಟ್ಟಗಾಗಿಲ್ಲ, ಸದ್ಯ, ಸೆರಗಿನಿಂದ ಒರೆಸಿ ಇಟ್ಟಳು, ಮುಳ್ಳು ಇಳಿಸಿದಳು, ಚರಚರ ಸದ್ದು, ಪಿಯಾನೋ —

ಇದೇನಿದು, ಪಿಯಾನೋ ಓಡುತ್ತಿದೆ, ಸ್ಪೀಡಿನ ಗುಂಡಿ ತಪ್ಪಾಗಿದೆಯಾ, ಬಗ್ಗಿ ನೋಡಿದಳು, ಇಲ್ಲ ಸರಿಯಾಗೇ ಇದೆ, ನಿಮಿಷಕ್ಕೆ ಮೂವತ್ಮೂರು ಸುತ್ತು, ಆಮೇಲೆ ದನಿ ಬಂತು, ಹಗುರವಾಗಿ, ಮೆಟ್ಟಿಲು ಇಳಿದುಕೊಂಡು ಬರುವವನ ಹಾಗೆ, ಒಳಗೊಳಗೇ ನಗುತ್ತಾ, ತಗ್ಗು ದನಿಯೇ ನಿಜ ಆದರೆ ಬಾವಿ ಎಲ್ಲಿ, ಬಾವಿಯ ತಳ ಎಲ್ಲಿ — ಪ್ರಾಯದವನು! ಇವನಿಗೆ ಇನ್ನೂ ಮೂವತ್ತಾಗಿಲ್ಲ! ಅಂಗಡಿಯವನು ಹೇಳಿದ್ದು ಇವನನ್ನೇ, ಅಯ್ಯೋ ದೇವರೇ, ಅವನ ಹತ್ತಿರ ಜಗಳವಾಡಿದೆನಲ್ಲ. ಸೆಲ್ಲು. ಬಿಸಿಲಿಗಿಟ್ಟ ಸೆಲ್ಲು, ಅರೆಜೀವದ ಸೆಲ್ಲಿಗೆ ತಟ್ಟೆ ಸಾವಕಾಶ ತಿರುಗೋದು, ಸಾವಕಾಶವಾದಷ್ಟೂ ದನಿ ಕೆಳಕ್ಕೆ. ಒಂದು ಸಲ, ಒಂದೇ ಸಲ ಹೊಸ ಸೆಲ್ಲು ಹಾಕಿದಾಗ ಹಾಡು ಹೀಗೇ ಓಡಿತ್ತು, ಮಾಮ ಏನಂದ, ಹೊಸ ಸೆಲ್ಲಿಗೆ ಸೊಕ್ಕು ಜಾಸ್ತಿ ಕಣೇ, ಸ್ವಲ್ಪ ಇಳೀಲಿ ಅಂದು ಅವನ್ನ ಟಾರ್ಚಿಗೆ ಹಾಕಿ ಹಗಲೆಲ್ಲ ಉರಿಸಿ, ಸುಸ್ತು ಮಾಡಿ, ಆಮೇಲೆ ತಂದು ಹಾಕಿದ, ಎಲ್ಲರೂ ಹಾಂ ಈಗ ಸರಿಹೋಯ್ತು ಅಂದರು! ಜಗುಲಿ ತುಂಬ ಅಭಿಮಾನಿಗಳು, ಒಬ್ಬರೂ ಅವನನ್ನ ಕೇಳಿರಲಿಲ್ಲ, ಪಾಪ, ಯಾರೂ ಮೆಚ್ಚದ ಮನುಷ್ಯ, ಮೆಚ್ಚಿದ ನಾಲ್ಕು ಜನ ಮೆಚ್ಚಿದ್ದೂ ಅವನನ್ನಲ್ಲ. ಆದರೆ ಎಷ್ಟು ಚೆನ್ನಾಗಿದ್ದಾನೆ ಇವನು, ತಾಳದ ಹಿಂದೆ ಉಳಿಯೋದು ಸೋಮಾರಿತನವಲ್ಲ, ಆಟ, ದೀಪ ಆರಿಸಬೇಡ ಅಂತ ಬೇಡುತ್ತಿಲ್ಲ, ರೇಗಿಸುತ್ತಿದ್ದಾನೆ, ಇಷ್ಟು ವರ್ಷ ಹಾಡನ್ನೇ ತಪ್ಪು ತಿಳಿದೆನಾ, ಮುಂದಿನ ಸಾಲು ಹೇಗೆ ಹೇಳುತ್ತಾನೋ, ಕೇಳಬೇಕು, ಪೂರ್ತಿ ಕೇಳಬೇಕು, ಮೊದಲಿಂದ ಎಲ್ಲವನ್ನೂ —

ಇದು ಬ್ಯಾರೆ ತಟ್ಟೆ ಟೀಚರಮ್ಮ. ಮುತ್ತಮ್ಮ. ಕುರ್ಚಿಯ ತುದಿಗೆ ಬಂದಿದ್ದಾಳೆ. ಅದೇ ತಟ್ಟೆ ಇದು, ಮುತ್ತಮ್ಮ. ಅಲ್ಲ ಕಣ್ರವ್ವ, ನಂಗೊತ್ತಿಲ್ವಾ, ಇವನ್ಯಾರೋ ಉಡುಗ. ಮೈಸೂರಿಂದ ಮೆಷೀನು ತಂದವಳು, ಬೆಳಗಿಂದ ಕಿಟಕಿ ಹಾಕಿ ಕಾದವಳು, ಏನು ಹೇಳೋದು ಇವಳಿಗೆ, ಹೇಳಿಯೇ ಹೇಳಿದಳು, ಸೆಲ್ಲಿನ ಕಥೆ, ಮಾಮನ ಬಿಸಿಲಿನ ಕಥೆ, ನಿಜವಾದ ಹಾಡು ಇದೇ, ಆಗ ಕೇಳಿದ್ದೇ ತಪ್ಪು ಅಂತ. ಮುತ್ತಮ್ಮ ಮೆಷೀನನ್ನ ನೋಡಿದಳು, ಇವಳನ್ನ ನೋಡಿದಳು. ಅಂಗಾರೆ ಇದ್ರೊಳಗೆ ಅವರು ಇಲ್ವಾ? ಅಳು ಇಲ್ಲ, ಏನಿಲ್ಲ, ಡ್ಯೂಟಿಯಲ್ಲಿ ಕೇಳುವ ಹಾಗೆ ಕೇಳಿದಳು, ಅದನ್ನ ಕೇಳಿಸಿಕೊಂಡು ಕೂತಿರೋಕೆ ಆಗಲಿಲ್ಲ, ಟಿಲ್ಡನ್ ನಗುತ್ತಲೇ ಇದ್ದಾನೆ, ಎರಡನೇ ಚರಣಕ್ಕೆ ಬಂದಿದ್ದಾನೆ, ಎಂಥ ಸೊಗಸಾಗಿ ಎತ್ತಿಕೊಂಡ, ಇದೊಂದು ಸಾಲು, ಇದೊಂದು ಸಾಲು ಕೇಳಿ — ಇಲ್ಲ. ಅಲಮೇಲು ಎದ್ದು ಹೋಗಿ ತಟ್ಟೆಯ ನಡುವಿನ ಹಳದಿ ಕಾಗದದ ಮೇಲೆ ಬೆರಳಿಟ್ಟಳು.

ಮೆಲ್ಲಗೆ. ಸೆಲ್ಲಿನ ಕಾಲದಷ್ಟು ಸಾವಕಾಶವಾದರೆ ಸಾಕು, ಜೋರಾಗಿ ಒತ್ತಿದರೆ ನಿಂತೇ ಹೋಗುತ್ತೆ. ಪಿಯಾನೋ ಬಳುಕಿತು, ಟಿಲ್ಡನ್ ಮುಗ್ಗರಿಸಿದ, ನಗು ಎಳೆದುಕೊಂಡು ಎಳೆದುಕೊಂಡು ಇಳಿಯಿತು, ಬೆರಳಿನ ತುದಿಗೆ ಕಾಗದ ಉಜ್ಜಿ ಬಿಸಿ, ಹಳದಿ ಕಾಗದ ಬೆರಳಿನ ಕೆಳಗೆ ಸುತ್ತುತ್ತಿದೆ, ಅವನ ಹೆಸರು ಬರುತ್ತೆ, ಹೋಗುತ್ತೆ, ಬೆರಳಿನ ಕೆಳಗೇ ಹೋಗುತ್ತೆ, ಕ್ಷಮಿಸಪ್ಪ, ಈಗ ತಾನೇ ಸಿಕ್ಕಿದ್ದೆ ನೀನು. ದನಿ ಇಳಿಯುತ್ತಿದೆ, ಮುತ್ತಮ್ಮನ ಕಡೆ ತಿರುಗಿ ನೋಡೋಕಾಗದು, ಕಣ್ಣು ಬೆರಳಿನ ಮೇಲೇ ಇರಬೇಕು, ಹಳದಿ ಕಾಗದ, ಬೆರಳು, ಹೆಸರು, ಬೆರಳು, ಹಿಂದೆ ಕುರ್ಚಿ ಸದ್ದು ಮಾಡಿತು, ಉಸಿರು ಕೇಳಿತು, ಆಮೇಲೆ ತುಂಬಾ ಹತ್ತಿರದಿಂದ ಮುತ್ತಮ್ಮನ ಮಾತು, ಇನ್ನೊಂಚೂರು ಟೀಚರಮ್ಮ, ಇನ್ನೊಂಚೂರು ಕೆಳಕ್ಕೆ — ಒತ್ತಿದಳು, ಇನ್ನೊಂಚೂರು, ಬೆರಳು, ಹಳದಿ ಕಾಗದ, ಹಾಂ, ಅಲ್ಲೇ, ಬಿಡಬ್ಯಾಡಿ, ಬೆರಳು